ನಾನೇ ಕರಗಿಸಿದ ಟ್ರ್ಯಾಕ್ಟರ್ ಸಾಲು

ಗಣಿತದ ಮೇಷ್ಟ್ರ ಜೊತೆ ಯಾರೂ ಸುಮ್ಮನೆ ಹರಟೆಗೆ ಕೂರುವುದಿಲ್ಲ. ಬೇಕಾದರೆ ಪರೀಕ್ಷೆ ಮಾಡಿ ನೋಡಿ. ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದವರು ನಗುನಗುತ್ತಾ "ತಮ್ಮದು ಏನು ಉದ್ಯೋಗ?" ಎಂದು ಕೇಳುತ್ತಾರೆ. ಹೇಳುತ್ತೀರಿ. ತಕ್ಷಣ ಅವರಿಗೆ ತಾವು ಹತ್ತನೇ ಕ್ಲಾಸಿನಲ್ಲಿ ಡುಮ್ಕಿ ಹೊಡೆದದ್ದು ನೆನಪಾಗಿ, ಮುಖ ಸಪ್ಪಗಾಗಿ, ಪಾಯಸದ ಕಡೆ ತಿರುಗಿಬಿಡುತ್ತಾರೆ. ನನಗೆ ಮದುವೆಯೂ ಆಗಲಿಲ್ಲ. ಊರಿಗೆಲ್ಲ ಲೆಕ್ಕ ಹೇಳಿಕೊಟ್ಟವನಿಗೆ ಜಾತಕದ ಲೆಕ್ಕ ಮಾತ್ರ ಕೂಡಿಬರಲಿಲ್ಲ. ಮಂಡ್ಯದ ಬಾಡಿಗೆ ಮನೆಯಲ್ಲಿ ಒಬ್ಬನಿಗಾಗಿ ಅನ್ನ ಮಾಡುವುದಿದೆಯಲ್ಲ, ಅದು ನಾನು ಇವತ್ತಿಗೂ ಬಿಡಿಸಲಾಗದ ಲೆಕ್ಕ. ಎಷ್ಟು ಕಡಿಮೆ ಅಕ್ಕಿ ಹಾಕಿದರೂ ಇನ್ನೊಬ್ಬರಿಗಾಗುವಷ್ಟು ಮಿಕ್ಕುತ್ತದೆ. ಆ ಇನ್ನೊಬ್ಬರು ಇಲ್ಲ. ಮಾರನೆಯ ಬೆಳಿಗ್ಗೆ ಅದೇ ಚಿತ್ರಾನ್ನವಾಗುತ್ತದೆ.

ಇಂಥ ನನ್ನನ್ನು ಹುಡುಕಿಕೊಂಡು ಒಂದು ದಿನ ಮದ್ದೂರಿನಾಚೆಯ ಸಕ್ಕರೆ ಕಾರ್ಖಾನೆಯವರು ನಮ್ಮ ಕಾಲೇಜಿಗೆ ಬಂದರು. ಕಬ್ಬು ಅರೆಯುವ ಕಾಲ ಬಂತೆಂದರೆ ಅವರ ಗೇಟಿನ ಮುಂದೆ ಟ್ರ್ಯಾಕ್ಟರುಗಳ ಸಾಲು ಊರಾಚೆಗೂ ಬೆಳೆಯುತ್ತಿತ್ತು. ಎಲ್ಲರೂ ಬೆಳಿಗ್ಗೆಯೇ ಬಂದು ನಿಂತರೆ ಯಂತ್ರ ತಾನೇ ಏನು ಮಾಡೀತು? ಕಡಿದ ಕಬ್ಬು ಬಿಸಿಲಿಗೆ ಒಣಗುತ್ತಿತ್ತು, ರೈತನಿಗೆ ತೂಕ ಹೋಯಿತು, ಕಾರ್ಖಾನೆಗೆ ರಸ ಹೋಯಿತು, ರಸ್ತೆಯಲ್ಲಿ ಸ್ಕೂಲ್ ಬಸ್ಸು ಸಿಕ್ಕಿಹಾಕಿಕೊಂಡಿತು. ಯಾವ ಟ್ರ್ಯಾಕ್ಟರು ಯಾವ ಹೊತ್ತಿಗೆ ಬಂದರೆ ಸಾಲೇ ಇರುವುದಿಲ್ಲ ಎಂದು ಲೆಕ್ಕ ಹಾಕಿಕೊಡಬೇಕಂತೆ. ಕಾಲೇಜಿಗೂ ಕಾರ್ಖಾನೆಗೂ ಒಡಂಬಡಿಕೆಯಾಯಿತು. "ಸಾರ್, ಇದೆಲ್ಲ ಯಾವ ಕೆಲಸಕ್ಕೆ ಬರುತ್ತೆ?" ಎಂದು ವರ್ಷವರ್ಷವೂ ಕೇಳುವ ಹುಡುಗರ ಮುಂದೆ ನಾನು ಎದೆ ಸೆಟೆಸಿಕೊಂಡು ಓಡಾಡಿದೆ.

ಲೆಕ್ಕಕ್ಕೆ ಮಾಹಿತಿ ಬೇಕಲ್ಲ. ಕೈಗಡಿಯಾರ ನೋಡುತ್ತಾ ಸಾಲಿನ ಪಕ್ಕ ನಿಂತೆ. ಕೊತ್ತತ್ತಿಯ ಸಿದ್ದೇಗೌಡ ಟ್ರ್ಯಾಕ್ಟರಿನ ಮೇಲಿಂದಲೇ ಕೂಗಿದ: "ಯಾಕ್ ಸಾ ಬಿಸ್ಲಲ್ಲಿ ನಿಂತಿದ್ದೀರಿ? ಬನ್ನಿ, ನೆಳ್ಳಲ್ ಕುಂತ್ಕಳಿ. ಟೈಮು ಎಲ್ಗೂ ಓಯ್ತಾ ಇಲ್ಲ!" ಹೋಗಿ ಕುಂತೆ. ಅಷ್ಟೇ ನೋಡಿ. ಮೂರು ಕಲ್ಲು ಹೂಡಿ ಮುದ್ದೆ ಬೇಯಿಸುತ್ತಿದ್ದರು. ಮಳವಳ್ಳಿ ಕಡೆಯ ಡ್ರೈವರ್ ಬಾಷಾ ಹುರುಳಿ ಸಾರಿಗೆ ಒಗ್ಗರಣೆ ಹಾಕುತ್ತಾ ನನ್ನ ಉದ್ಯೋಗ ಕೇಳಿ ತಿಳಿದುಕೊಂಡು, "ಸಾರ್, ಗಣಿತ ಅಂದ್ರೆ ನಂಗೆ ಜ್ವರ ಬರ್ತಿತ್ತು. ಆದ್ರೂ ನೀವ್ ಒಳ್ಳೇವ್ರ್ ತರ ಕಾಣ್ತೀರಿ" ಎಂದ. ಗಣಿತ ಎಂದು ಗೊತ್ತಾದ ಮೇಲೂ ಪಕ್ಕದಲ್ಲಿಯೇ ಕುಳಿತಿದ್ದವನು ಜೀವಮಾನದಲ್ಲಿ ಅವನೊಬ್ಬ. ಆ ಮೇಲೆ ದಿನಾ ಹೋದೆ. ಯಾರ ಎತ್ತು ಎಷ್ಟಕ್ಕೆ ಹೋಯಿತು, ಯಾರ ನಾದಿನಿ ಮುನಿಸಿಕೊಂಡಳು, ಎಲ್ಲ ನನಗೆ ಗೊತ್ತಾಗತೊಡಗಿತು. ನಾನು ಒಂದು ದಿನ ತಪ್ಪಿಸಿಕೊಂಡರೆ "ನೆನ್ನೆ ಎಲ್ಲೋಗಿದ್ರಿ?" ಎಂದು ದಬಾಯಿಸುತ್ತಿದ್ದರು. ನಾನು ಎಲ್ಲಿ ಹೋಗಿದ್ದೆ ಎಂದು ಬೇರೆ ಯಾರಾದರೂ ಕೇಳಿ ಎಷ್ಟೋ ಕಾಲವಾಗಿತ್ತು.

"ಮಾಹಿತಿ ಸಾಕಾಗಲಿಲ್ಲವೇನ್ರೀ?" ಎಂದು ಪ್ರಿನ್ಸಿಪಾಲರು ಕೇಳಿದಾಗಲೆಲ್ಲ ನಾನು ಗಂಭೀರವಾಗಿ ತಲೆಯಾಡಿಸಿ "ಇನ್ನೂ ಸ್ವಲ್ಪ ಬೇಕು" ಎನ್ನುತ್ತಿದ್ದೆ. ಕೊನೆಗೆ ಮುಗಿಸಲೇಬೇಕಾಯಿತು. ಮುಂದಿನ ಹಂಗಾಮಿಗೆ ಡ್ರೈವರುಗಳ ಫೋನಿಗೆ ಅವರವರ ಹೊತ್ತು ಹೋಗತೊಡಗಿತು. ದೂರದ ಮಳವಳ್ಳಿಯವರಿಗೆ ಒಂದು ಹೊತ್ತು, ಹತ್ತಿರದವರಿಗೆ ಇನ್ನೊಂದು. ಬಂದರು, ಇಳಿಸಿದರು, ಹೋದರು. ಲೆಕ್ಕ ಕರಾರುವಾಕ್ಕಾಗಿ ಕೆಲಸ ಮಾಡಿತು. ಕಾರ್ಖಾನೆಯವರು ಶಾಲು ಹೊದಿಸಿ, ವಡೆ ಕೊಟ್ಟು, ಉದ್ಯಮಕ್ಕೂ ಸಮಾಜಕ್ಕೂ ಗಣಿತ ಮಾಡಿದ ಉಪಕಾರವನ್ನು ಬಹಳ ಹೊತ್ತು ಹೊಗಳಿದರು. ವಡೆ ಚೆನ್ನಾಗಿತ್ತು.

ಮಾರನೆಯ ದಿನ ಅಭ್ಯಾಸಬಲದಿಂದ ಗೇಟಿನ ಹತ್ತಿರ ಹೋದೆ. ರಸ್ತೆ ಬಟಾಬಯಲು. ಮರದ ಕೆಳಗೆ ಮಸಿ ಹಿಡಿದ ಮೂರು ಕಲ್ಲುಗಳು ಮಾತ್ರ ಇದ್ದವು. ಬಾಷಾ ಖಾಲಿ ಟ್ರ್ಯಾಕ್ಟರು ಓಡಿಸಿಕೊಂಡು ಹೊರಬಂದ. ಕೈಬೀಸಿದೆ. ಅವನು ನಿಲ್ಲಿಸದೆಯೇ ಹಲ್ಲುಬಿಟ್ಟು, "ಟೈಮಿಲ್ಲ ಸಾರ್! ನೀವೇ ಮಾಡಿದ್ದು! ಈಗ ಸಂಜೆ ನಮಾಜಿಗೆ ಮನೇಲೇ ಇರ್ತೀನಿ, ನಿಮ್ ಹೆಸರೇಳ್ಕಂಡು!" ಎಂದು ಕೂಗಿ ಹೋಗಿಬಿಟ್ಟ. ಸಂತೋಷವಾಯಿತು. ಅಳುವೂ ಬಂದ ಹಾಗಾಯಿತು, ಸುಳ್ಳೇಕೆ ಹೇಳಲಿ? ನನ್ನ ಸಮೀಕರಣದಲ್ಲಿ ಕಾಯುವ ಹೊತ್ತನ್ನೆಲ್ಲ ನಷ್ಟ ಎಂದು ಬರೆದಿದ್ದೆ. ಆ ಹೊತ್ತಿನಲ್ಲಿ ಒಬ್ಬನಿಗೆ ಲಾಭವಾಗುತ್ತಿತ್ತು ಎಂಬುದನ್ನು ಸೇರಿಸುವುದಕ್ಕೆ ಅದರಲ್ಲಿ ಜಾಗವಿರಲಿಲ್ಲ. ಬಸ್ಸು ಹತ್ತಿ ಮನೆಗೆ ಬಂದು ಅನ್ನಕ್ಕಿಟ್ಟೆ.

ಅಂದಿನಿಂದ ನಾನು ಸಾಲು ಹುಡುಕಿಕೊಂಡು ಹೋಗುವ ಮನುಷ್ಯನಾದೆ. ಬ್ಯಾಂಕಿನಲ್ಲಿ ಸಾಲಿಲ್ಲ, ಎಲ್ಲ ಫೋನಿನಲ್ಲೇ. ಕರೆಂಟು ಬಿಲ್ಲಿಗೂ ಇಲ್ಲ. ಯಾರ್‍ಯಾರು ಯಾವ್ಯಾವ ಊರಿನಲ್ಲಿ ಕುಳಿತು ಲೆಕ್ಕ ಹಾಕಿದ್ದಾರೋ, ಪುಣ್ಯಾತ್ಮರು! ಕೊನೆಗೆ ಕಳೆದ ಸೋಮವಾರ ಒಬ್ಬ ಡಾಕ್ಟರ ಕ್ಲಿನಿಕ್ಕಿನ ಮುಂದೆ ಭರ್ಜರಿ ಸಾಲು ಕಂಡಿತು. ಬಾಗಿಲಿನಿಂದ ರಸ್ತೆಯವರೆಗೆ ಜನ, ಕೆಮ್ಮು, ಮಾತು. ನನಗೇನೂ ಕಾಯಿಲೆ ಇರಲಿಲ್ಲ. ಆದರೂ ಖುಷಿಯಾಗಿ ಹೋಗಿ ಕೊನೆಯಲ್ಲಿ ನಿಂತು, ಮುಂದಿದ್ದ ಅಜ್ಜಿಗೆ "ಯಾವೂರು ತಾಯಿ?" ಎಂದು ಪೀಠಿಕೆ ಹಾಕಿದೆ. ಅಜ್ಜಿ ಬಾಯಿ ತೆರೆದಳು. ಅಷ್ಟರಲ್ಲಿ ಬಾಗಿಲ ಬಳಿಯಿಂದ ಒಂದು ಗಂಟಲು ಮೊಳಗಿತು. ಸಿದ್ದೇಗೌಡ! ಕಂಕುಳಲ್ಲಿ ಪುಟ್ಟ ಮಗಳು.

"ಲೇ, ದಾರಿ ಬುಡ್ರಲಾ! ನಮ್ ಮೇಷ್ಟ್ರು ಕಣ್ರಲಾ! ರೋಡಲ್ ಕಾಯ್ತಾ ಬಿದ್ದಿರ್ತಿದ್ದೋನು ನಾನು, ಇವತ್ತು ಮಗೀನ ಎತ್ಕಂಡ್ ಬರಂಗಾಗಿದ್ದು ಇವ್ರಿಂದ. ಇವ್ರುನ್ನ ಕಾಯಿಸ್ತೀರಾ?"

"ಬೇಡ ಸಿದ್ದೇಗೌಡ, ನಾನು ನಿಂತಿರ್ತೀನಿ, ನನಗೇನೂ ಅವಸರ ಇಲ್ಲ" ಎಂದು ಅಂಗಲಾಚಿದೆ.

"ಸುಮ್ನಿರಿ ಸಾ, ಎಷ್ಟ್ ಸಂಕೋಚ ನಿಮ್ಗೆ!" ಎಂದು ಅವನು ನನ್ನ ರಟ್ಟೆ ಹಿಡಿದ. ಜನರೆಲ್ಲ ಪಾಪ, ನಗುತ್ತಾ ಪಕ್ಕಕ್ಕೆ ಸರಿದರು. ಅಜ್ಜಿಯೂ ಸರಿದಳು. ನೋಡನೋಡುತ್ತಿದ್ದಂತೆ ನಾನು ಡಾಕ್ಟರ ಎದುರಿನ ಸ್ಟೂಲಿನ ಮೇಲಿದ್ದೆ.

"ಹೇಳಿ, ಏನು ತೊಂದರೆ?" ಎಂದರು ಡಾಕ್ಟರು.

ಏನು ತೊಂದರೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. "ಬಿ.ಪಿ. ನೋಡಿಸೋಣ ಅಂತ ಬಂದೆ" ಎಂದೆ. ನೋಡಿದರು. ಎಲ್ಲ ಸರಿಯಾಗಿದೆ, ಇನ್ನು ಮನೆಗೆ ಹೋಗಬಹುದು ಎಂದರು.