ವಜ್ರಮುಷ್ಟಿ ವೀರಣ್ಣನೂ ಹನ್ನೆರಡು ಡಬ್ಬಿಗಳೂ

ಈ ದೀಪಾವಳಿಗೆ ನಾನು ಕೊಟ್ಟ ಉಡುಗೊರೆ ತಿರುಗಿ ನನ್ನ ಮನೆಯ ಹೊಸ್ತಿಲು ತುಳಿದರೆ ನನ್ನ ಹೆಸರು ವಿಜಯೇಂದ್ರನೇ ಅಲ್ಲ! ಹೀಗೆಂದು ಆಯುಧಪೂಜೆಯ ದಿನ, ಚೆಂಡುಹೂವಿನ ಹಾರ ಹಾಕಿಕೊಂಡು ನಿಂತಿದ್ದ ಸ್ಕೂಟರಿನ ಎದುರು ನಾನು ಪ್ರತಿಜ್ಞೆ ಮಾಡಿದೆ. ಭೀಷ್ಮ ಕೂಡ ಇಷ್ಟು ಗಟ್ಟಿಯಾಗಿ ಕೂಗಿರಲಾರ. ನೆರಳಲ್ಲಿ ಮಲಗಿದ್ದ ನಾಯಿ ಎದ್ದು ಪಕ್ಕದ ಕ್ವಾರ್ಟರ್ಸಿಗೆ ಹೋಗಿ ಮಲಗಿತು.

ಕಾರಣವಿತ್ತು. ನಾವಿರುವುದು ನಾಗಪುರದ ಪಕ್ಕ ಕೋರಾಡಿಯಲ್ಲಿ, ವಿದ್ಯುತ್ ಸ್ಥಾವರದ ಕಾಲೊನಿಯಲ್ಲಿ. ನಾನು ಎಲೆಕ್ಟ್ರಿಕಲ್ ವಿಭಾಗದವನು. ಹೋದ ವರ್ಷ ಕಾಲೊನಿಯವರಿಗೆಲ್ಲ ಅಂಗಡಿಯ ಮಿಠಾಯಿ ಪೊಟ್ಟಣ ಹಂಚಿದ್ದೆ. ನಾಲ್ಕು ದಿನ ಬಿಟ್ಟು ಯಾರೋ ನಮಗೊಂದು ಪೊಟ್ಟಣ ತಂದುಕೊಟ್ಟರು. ನೋಡುತ್ತೇನೆ, ಹರಿದ ಮೂಲೆಗೆ ಕರಿ ಇನ್ಸುಲೇಷನ್ ಟೇಪು! ಮಿಠಾಯಿ ಪೊಟ್ಟಣಕ್ಕೆ ಕರೆಂಟಿನ ಟೇಪು ಸುತ್ತುವ ಗಂಡಸು ಈ ಭೂಮಂಡಲದಲ್ಲಿ ನಾನೊಬ್ಬನೇ. ನನ್ನ ಪ್ರೀತಿ ಊರೆಲ್ಲ ಪ್ರದಕ್ಷಿಣೆ ಹಾಕಿ ನನಗೇ ವಾಪಸ್ಸು ಬಂದಿತ್ತು.

"ಈ ಸಲ ಜನ ಶೋಕೇಸಿನ್ಯಾಗ ಇಟ್ಕೊಂಡು ನೋಡ್ಕೋತ ಕೂಡೂವಂಥಾದ್ದು ಕೊಡ್ತೀನಿ ದಾಕ್ಷೀ!" ಎಂದೆ ಹೆಂಡತಿ ದಾಕ್ಷಾಯಿಣಿಗೆ.

"ಏನದು? ನಿಮ್ಮ ಫೋಟೋ ಏನ್ರೀ?"

"ವಜ್ರಮುಷ್ಟಿ ವೀರಣ್ಣ!"

ದಾಕ್ಷಾಯಿಣಿ ಹಣೆ ಚಚ್ಚಿಕೊಂಡಳು. ವೀರಣ್ಣ ನನ್ನ ಬಾಲ್ಯದ ಕಾಮಿಕ್ಸ್ ಪುಸ್ತಕಗಳ ಮಹಾವೀರ. ಕೆಂಪು ಚಡ್ಡಿ, ಹಳದಿ ಬೂಟು, ತಿರುವಿದ ಮೀಸೆ. ಒಂದೇ ಗುದ್ದಿಗೆ ಆನೆಯಷ್ಟು ದೊಡ್ಡ ಚೇಳನ್ನು ಕೆಡವುತ್ತಾನೆ, ಓಡುವ ರೈಲಿನ ನೆತ್ತಿಯ ಮೇಲೆ ನಿಂತು ಬೀಡಿ ಹಚ್ಚುತ್ತಾನೆ. ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನಲ್ಲಿ ಒಂದೊಂದಾಗಿ ಕೊಂಡ ಅರವತ್ತೆರಡು ಪುಸ್ತಕಗಳು ಒಂದು ಟ್ರಂಕಿನಲ್ಲಿವೆ. ಭುಸಾವಳ, ಚಂದ್ರಪುರ, ಕೋರಾಡಿ, ಎಲ್ಲಿಗೆ ವರ್ಗವಾದರೂ ಲಾರಿಯಲ್ಲಿ ಮೊದಲು ಏರುವುದು ಆ ಟ್ರಂಕು, ಆಮೇಲೆ ಸಂಸಾರ.

ಇಂಜಿನಿಯರಿಂಗ್ ಓದುವ ಮಗಳು ಅನ್ವಿತಾ ಹೇಳಿದ್ದಳು: "ಪಪ್ಪಾ, ಹಳೇ ಕಾಮಿಕ್ಸ್ ಚಿತ್ರಕ್ಕ ಈಗ ಭಾರೀ ಕ್ರೇಜ್ ಐತಿ. ರೆಟ್ರೋ ಅಂತಾರ. ಮಗ್ ಮ್ಯಾಲ, ದಿಂಬಿನ ಮ್ಯಾಲ, ಗಡಿಯಾರದ ಮ್ಯಾಲ, ಸಗಳೀಕಡೇ, ಎಲ್ಲಾ ಕಡೆ ಪ್ರಿಂಟ್ ಮಾಡ್ತಾರ!" ಕನ್ನಡ ಓದಲು ತಡವರಿಸುವ ಹುಡುಗಿ. ಆದರೆ ವೀರಣ್ಣನನ್ನು ನೋಡಿ "ಏಕ್‌ದಮ್ ಭಾರೀ!" ಎಂದುಬಿಟ್ಟಳು. ನನಗೆ ಅಷ್ಟು ಸಾಕಾಗಿತ್ತು.

ದಾಕ್ಷಾಯಿಣಿ ಮಾತ್ರ ಬಗ್ಗಲಿಲ್ಲ. "ಅವೂ ವಾಪಸ್ ಬರ್ತಾವ, ನೋಡ್ತಿರ್‍ರಿ."

"ಒಂದರ ವಾಪಸ್ ಬಂತಂದ್ರ ಚಕ್ಕಲಿ ಒತ್ತೂದು ನಾನು! ಇದು ಗಂಡಸಿನ ಮಾತು!"

ಚಕ್ಕಲಿ ಒತ್ತುವುದೆಂದರೆ ನಮ್ಮ ಮನೆಯಲ್ಲಿ ತಮಾಷೆಯಲ್ಲ. ಅತ್ತೆಯವರು ಕೊಟ್ಟ ಹಿತ್ತಾಳೆ ಒರಳು ಅದು. ಅದನ್ನು ತಿರುಗಿಸುವುದಕ್ಕಿಂತ ನಮ್ಮ ಸ್ಥಾವರದ ಟರ್ಬೈನ್ ತಿರುಗಿಸುವುದು ಹಗುರ.

ನಾಗಪುರದ ಸೀತಾಬರ್ಡಿ ಪೇಟೆಯ ಪ್ರಿಂಟಿಂಗ್ ಅಂಗಡಿಗೆ ಹೋದವನಿಗೆ ಸ್ವರ್ಗಕ್ಕೆ ಮೂರೇ ಗೇಣು! ಮಗ್ಗು, ದಿಂಬಿನ ಗೌಸು, ಟ್ರೇ, ಏಪ್ರನ್ನು! ಮಗ್ಗು ಬಸ್ಸಿನಲ್ಲಿ ಒಡೆದೀತು, ದಿಂಬಿನ ಮೇಲೆ ವೀರಣ್ಣನನ್ನು ಇಟ್ಟರೆ ಜನ ಅವನ ಮೇಲೇ ಕುಳಿತಾರು. ಕೊನೆಗೆ ತಗಡಿನ ದುಂಡು ಡಬ್ಬಿ ಆರಿಸಿದೆ. ಸುತ್ತಲೂ ಚಿತ್ರ, ಮುಚ್ಚಳದ ಮೇಲೆ ಹಳದಿ ನಕ್ಷತ್ರದಲ್ಲಿ "ಢಿಶುಂ!" ಹನ್ನೆರಡು ಡಬ್ಬಿ, ಹನ್ನೆರಡು ಸಾಹಸ. ಕೈಗೆ ಬಂದಾಗ ನಾನು ಅಂಗಡಿಯಲ್ಲೇ ಒಂದು ಡಬ್ಬಿಯನ್ನು ಎದೆಗೆ ಒತ್ತಿಕೊಂಡೆ. ನಾಚಿಕೆ ಏನು ಬಂತು, ಕಣ್ಣಲ್ಲಿ ನೀರೇ ಬಂತು.

ಕೋರಾಡಿ ಬಸ್ಸಿನಲ್ಲಿ ಒಬ್ಬ ಅಜ್ಜಿ ತನ್ನ ತೊಗರಿಬೇಳೆ ಚೀಲವನ್ನು ನನ್ನ ಪೆಟ್ಟಿಗೆಯ ಮೇಲೆ ಧೊಪ್ಪೆಂದು ಇಟ್ಟಳು. ಒಳಗೆ ಏನೋ 'ಕಟ್' ಎಂದಿತು. ಚೇಳಿಗೇ ಹೆದರದ ವೀರಣ್ಣ ಬೇಳೆಗೆ ಹೆದರುತ್ತಾನೆಯೇ ಎಂದು ನಾನು ತೆಗೆದು ನೋಡಲೂ ಹೋಗಲಿಲ್ಲ.

ಹಬ್ಬದ ದಿನ ಬೆಳಿಗ್ಗೆ ಡಬ್ಬಿಗಳಿಗೆ ಬಣ್ಣದ ಕಾಗದ ಸುತ್ತಲು ಕುಳಿತೆ. ದಾಕ್ಷಾಯಿಣಿ ಕೈಯಿಂದ ಕಸಿದುಕೊಂಡಳು.

"ಹಬ್ಬದಾಗ ಖಾಲಿ ಡಬ್ಬಿ ಯಾರರ ಮನಿಗೆ ಕಳಸ್ತಾರೇನ್ರೀ? ಮಂದಿ ಏನಂದಾರು!"

"ಇದು ಡಬ್ಬಿ ಅಲ್ಲಲೇ, ಕಲಾ!"

"ಕಲಾಕ್ಕ ಮುಚ್ಚಳ ಯಾಕ ಐತಿ?"

ಅವಳು ಎಲ್ಲದರಲ್ಲೂ ಚೂಡಾ, ಶಂಕರಪಾಳಿ, ಎರಡೆರಡು ಬೇಸನ್ ಉಂಡಿ ತುಂಬಿದಳು. ಎಣ್ಣೆ ಕಾಗದಕ್ಕೆ ಇಳಿಯುತ್ತದೆ ಎಂದು ಒಂದೊಂದನ್ನೂ ಬಟ್ಟೆಯ ಚೀಲದಲ್ಲಿಟ್ಟು ಲಾಡಿ ಕಟ್ಟಿದಳು. ಹನ್ನೊಂದು ಚೀಲ ಅನ್ವಿತಾಳ ಪಾಲಿಗೆ. ಹನ್ನೆರಡನೆಯದು ನಮ್ಮ ವಿಭಾಗದ ಮುಖ್ಯಸ್ಥರಾದ ಢೋಬಳೆ ಸಾಹೇಬರ ಬಂಗಲೆಗೆ, ಅದು ಸಾಕ್ಷಾತ್ ನನ್ನ ಪಾಲಿಗೆ.

"ಮನಿ ಮನಿಗೂ ಹೇಳು, ಇದು ರೆಟ್ರೋ ಅಂತ, ಶೋಕೇಸಿಗೆ ಅಂತ!" ಎಂದು ಮಗಳಿಗೆ ಮೂರು ಸಲ ಬಾಯಿಪಾಠ ಮಾಡಿಸಿದೆ.

ಸಾಹೇಬರ ಮನೆಯಲ್ಲಿ ಢೋಬಳೆ ಮೇಡಂ ಒಬ್ಬರೇ ಇದ್ದರು. ಚೀಲವನ್ನು ಎರಡೂ ಕೈಯಲ್ಲಿ ಒಪ್ಪಿಸಿ, ನನ್ನ ಸರ್ವ ಹಿಂದಿಯನ್ನೂ ಒಟ್ಟುಗೂಡಿಸಿ ಐದು ನಿಮಿಷ ಭಾಷಣ ಮಾಡಿದೆ. ಮೇಡಂ, ಇದು ಬರೀ ಡಬ್ಬಿಯಲ್ಲ, ನನ್ನ ಬಾಲ್ಯ. ಇದು ರೆಟ್ರೋ. ಅಡುಗೆಮನೆಯಲ್ಲಿ ಇಡಕೂಡದು, ಶೋಕೇಸಿನಲ್ಲೇ ಇಡಬೇಕು. ದಯವಿಟ್ಟು ವಾಪಸ್ ಮಾತ್ರ ಮಾಡಬೇಡಿ, ನನ್ನ ಮನಸ್ಸಿಗೆ ನೋವಾಗುತ್ತದೆ! ಮೇಡಂ ಚೀಲವನ್ನು ಹಸುಗೂಸಿನ ಹಾಗೆ ಹಿಡಿದುಕೊಂಡು ಒಳಗೆ ಹೋದರು. ನಾನು ಹಾರಿಕೊಂಡು ಮನೆಗೆ ಬಂದೆ.

ಪಾಡ್ಯದ ದಿನ ಬೆಳಿಗ್ಗೆ ಎಂಟಕ್ಕೆ ಬಾಗಿಲ ಗಂಟೆ ಮೊದಲ ಸಲ ಬಡಿಯಿತು. ಎದುರು ಮನೆಯ ಕಾಕೂ, ಕೈಯಲ್ಲಿ ವೀರಣ್ಣ! "ಡಬಾ ಛಾನ್ ಆಹೇ ಹಂ!" ಎಂದು ಡಬ್ಬಿ ಚೆನ್ನಾಗಿದೆಯೆಂದು ಹೊಗಳಿ, ಅದನ್ನು ನನ್ನ ಕೈಗೇ ಇಟ್ಟು ಹೋದರು. ಒಳಗೆ ಭರ್ತಿ ಚಿವಡಾ, ಅಂದರೆ ಅವರ ಮನೆಯ ಚೂಡಾ.

ಒಂಬತ್ತಕ್ಕೆ ಎರಡು ಡಬ್ಬಿ. ಹತ್ತಕ್ಕೆ ನಾಲ್ಕು. ಆಗ ನನ್ನ ತಲೆಗೆ ಹೊಳೆಯಿತು. ಈ ಸೀಮೆಯಲ್ಲಿ ದೀಪಾವಳಿಗೆ ತಿಂಡಿ ಬಂದ ಡಬ್ಬಿಯನ್ನು ಯಾರೂ ಇಟ್ಟುಕೊಳ್ಳುವುದಿಲ್ಲ, ಖಾಲಿಯಾಗಿಯೂ ಕೊಡುವುದಿಲ್ಲ. ತಮ್ಮ ಮನೆಯ ತಿಂಡಿ ತುಂಬಿಯೇ ಹಿಂದಿರುಗಿಸುತ್ತಾರೆ. ನಮ್ಮೂರಲ್ಲೂ ಅದೇ ರೀತಿ, ನಾನೇ ಮರೆತಿದ್ದೆ!

"ಏನಂತ ಹೇಳಿ ಕೊಟ್ಟೀ?" ಎಂದು ಮಗಳ ಮೇಲೆ ಗುಡುಗಿದೆ.

"ಆಯೀನೆ ಪಾಠವಲಂಯ, ಅಂದೆ. ಅಮ್ಮ ಕಳಿಸ್ಯಾಳ ಅಂತ. ಬರೋಬರ್ ಅದ ಅಲ್ಲ?"

ಸಂಜೆಯೊಳಗೆ ಹನ್ನೊಂದೂ ಬಂದವು. ತೊಳೆದು ಕೊಡುವುದೂ ಪದ್ಧತಿಯಲ್ಲವೇ? ಯಾರೋ ಪುಣ್ಯಾತ್ಮರು ತಂತಿಯ ಬ್ರಷ್ಷಿನಲ್ಲಿ ಉಜ್ಜಿ ವೀರಣ್ಣನ ಮೀಸೆಯನ್ನೇ ಬೋಳಿಸಿದ್ದರು. ಇನ್ನೊಬ್ಬರು ಅವನ ಕೆಂಪು ಚಡ್ಡಿಯನ್ನು ಬಿಳಿ ಮಾಡಿದ್ದರು. ಮೇಜಿನ ಮೇಲೆ ಹನ್ನೊಂದು ಬಗೆಯ ಚಿವಡಾ, ಅದರ ಮುಂದೆ ಮಾನ ಹೋದ ನಾನು.

"ಹನ್ನೆರಡನೇದು ಬಂದಿಲ್ಲಲ್ಲ!" ಎಂದು ಎದೆಯುಬ್ಬಿಸಿದೆ. "ಸಾಹೇಬ್ರ ಮನ್ಯಾಗ ಕಲಾ ತಿಳಿಯೋ ಮಂದಿ ಅದಾರ!"

ದಾಕ್ಷಾಯಿಣಿಯ ಮುಖ ಬಿಳಿಚಿಕೊಂಡಿತು. "ಬಂದಿಲ್ಲಾ? ಅಯ್ಯ ನನ್ನ ಕರ್ಮ! ಅದು ನಮ್ಮ ಅವ್ವನ ಸ್ಟೀಲಿನ ಡಬ್ಬಿರೀ!"

"ಯಾವ ಸ್ಟೀಲು?"

"ನಿಮ್ಮ ಒಂದು ಡಬ್ಬಿ ಬೇಳಿ ಚೀಲದ ಕೆಳಗ ಸಿಕ್ಕು ಅಪ್ಪಚ್ಚಿ ಆಗಿತ್ತು. ಮುಚ್ಚಳಾನೇ ಕೂಡವಲ್ದಾಗಿತ್ತು. ಹೆಂಗೂ ನಾಳೆ ವಾಪಸ್ ಬರ್ತೈತಿ ಅಂತ ಅವ್ವನ ಡಬ್ಬಿ ಹಾಕಿ ಕಳಿಸಿದೆ."

ನಾನು ಅಲ್ಲಿ ಮಾಡಿದ ಭಾಷಣ ನೆನಪಾಗಿ ಬೆವರಿದೆ. ವಾಪಸ್ ಮಾಡಬೇಡಿ ಅಂದಿದ್ದೇನೆ. ನೋವಾಗುತ್ತದೆ ಅಂದಿದ್ದೇನೆ! ಹೆಂಡತಿಗೆ ಅದನ್ನೂ ಹೇಳಿದೆ. ಹೇಳಬಾರದಿತ್ತು.

"ಅದು ನನ್ನ ಲಗ್ನದಾಗ ಅವ್ವ ಕಣ್ಣೀರು ಹಾಕಿ ಕೊಟ್ಟದ್ದು," ಎಂದಳು ದಾಕ್ಷಾಯಿಣಿ. ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಷ್ಟು ವರ್ಷದಲ್ಲಿ ಅವಳು ಒಂದು ಡಬ್ಬಿಗಾಗಿ ಅತ್ತದ್ದನ್ನು ನಾನು ನೋಡಿರಲಿಲ್ಲ. "ಡಬ್ಬಿ ಬರಲಿಲ್ಲಂದ್ರ ನೀವೂ ಬರಬ್ಯಾಡ್ರಿ!"

ಓಡಿದೆ. ಬಂಗಲೆಯ ಹಾಲಿನಲ್ಲಿ ರಾಮದಾಸಪೇಠದಿಂದ ಬಂದ ನೆಂಟರು ತುಂಬಿದ್ದರು. ಗಾಜಿನ ಶೋಕೇಸಿನ ನಟ್ಟನಡುವೆ, ಸಾಹೇಬರ ಬೆಳ್ಳಿ ಪದಕಗಳನ್ನು ಪಕ್ಕಕ್ಕೆ ಸರಿಸಿ, ಪುಟ್ಟ ದೀಪದ ಬೆಳಕಿನಲ್ಲಿ, ತಳ ತಗ್ಗಾದ ಒಂದು ಹಳೇ ಸ್ಟೀಲ್ ಡಬ್ಬಿ! ಮೇಡಂ ನೆಂಟರಿಗೆ ನನ್ನನ್ನೇ ತೋರಿಸಿ, "ಇವರ ಬಾಲ್ಯ ಅದು" ಎಂದು ಹಿಂದಿಯಲ್ಲಿ ಪರಿಚಯಿಸಿದರು. ನೆಂಟರು ಡಬ್ಬಿಯನ್ನೊಮ್ಮೆ ನನ್ನನ್ನೊಮ್ಮೆ ನೋಡಿ ಕರುಣೆಯಿಂದ ತಲೆಯಾಡಿಸಿದರು.

ಕಾಲಿಗೆ ಬೀಳುವುದೊಂದು ಬಾಕಿ. ಎಲ್ಲರ ಎದುರೇ ಎಲ್ಲವನ್ನೂ ಒಪ್ಪಿಕೊಂಡೆ. ಹಾಲಿಗೆ ಹಾಲೇ ನಕ್ಕಿತು.

"ಅರೇ, ಪಹಿಲೇ ಬೋಲನಾ ಥಾ ನಾ!" ಮೊದಲೇ ಹೇಳುವುದಲ್ಲವೇ, ಎಂದರು ಮೇಡಂ, ಕಣ್ಣೊರೆಸಿಕೊಳ್ಳುತ್ತ. ಹಬ್ಬದ ಡಬ್ಬಿಯನ್ನು ಇಟ್ಟುಕೊಂಡೆನಲ್ಲ ಎಂದು ಅವರಿಗೆ ನಿನ್ನೆಯಿಂದ ಊಟವೇ ಸೇರಿರಲಿಲ್ಲವಂತೆ. ಡಬ್ಬಿಗೆ ಕರಂಜಿ, ಅಂದರೆ ಕರ್ಜಿಕಾಯಿ, ತುಂಬಿ ಕೈಗಿಟ್ಟರು. "ಕೆಳಗೆ ಏನೋ ಬರೆದಿದೆಯಲ್ಲ, ಏನದು?" ಎಂದು ಕೇಳಿದರು.

ಡಬ್ಬಿ ಎತ್ತಿ ನೋಡಿದೆ. ತಳದಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಮಾಸಿದ ಕನ್ನಡ ಅಕ್ಷರ: 'ಸತ್ಯಭಾಮಾ, ೧೯೭೮'.

ನನ್ನ ಅತ್ತೆಯ ಹೆಸರು ಗಿರಿಜವ್ವ!

ಮನೆಗೆ ಬಂದವನೇ ಹುಬ್ಬಳ್ಳಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. "ಅತ್ತೀ, ಸತ್ಯಭಾಮಾ ಅಂದ್ರ ಯಾರ್‍ರೀ?"

"ಅಯ್ಯ ಶಿವನ! ಗದಗದಾಗ ನಮ್ಮ ಬಾಜೂ ಮನಿಯವರು! ದೀಪಾವಳಿಗೆ ಚೂಡಾ ಹಾಕಿ ಕಳಿಸಿದ್ರು. ತುಂಬಿ ವಾಪಸ್ ಕೊಡಬೇಕಂತ ಮಾಡಿದ್ದೆ, ಅಷ್ಟರಾಗ ನಿಮ್ಮ ಮಾವಗ ವರ್ಗ ಆತು..."

ನಾನು ದಾಕ್ಷಾಯಿಣಿಯನ್ನು ನೋಡಿದೆ. ಗೆದ್ದ ಸಂತೋಷಕ್ಕೆ ಕುಣಿಯುವುದೊಂದು ಬಾಕಿ! "ಅಂದ್ರ ವಾಪಸ್ ಬಾರದ ಡಬ್ಬಿನೂ ಲೋಕದಾಗ ಅದಾವ ಅಂತಾಯ್ತು!"

"ಇನ್ನ ಮ್ಯಾಲ ಇರೂದಿಲ್ಲ," ಎಂದಳು ಅವಳು ಸೆರಗು ಸಿಕ್ಕಿಸಿ. "ಸತ್ಯಭಾಮಾ ಅವರು ಗದಗದಾಗ ಇನ್ನೂ ಗಟ್ಟಿಮುಟ್ಟ ಅದಾರಂತ, ಅವ್ವ ಹೇಳಿದ್ಲು. ಈ ಡಬ್ಬಿ ಅವರಿಗೆ ಹೋಗಬೇಕು. ಖಾಲಿ ಕಳಸ್ತಾರೇನ್ರೀ?"

"ಮತ್ತ?"

"ಹನ್ನೊಂದು ಡಬ್ಬಿ ವಾಪಸ್ ಬಂದಾವ. ಗಂಡಸಿನ ಮಾತು ನೆನಪೈತಿ ಹೌದಲ್ಲೋ? ಹಿಟ್ಟು ನಾದಿಟ್ಟೀನಿ. ಜಲ್ದಿ ಬರ್‍ರಿ!"

ಬನಿಯನ್ನಿನಲ್ಲಿ ಕುಳಿತೆ. ಹಿತ್ತಾಳೆ ಒರಳು ಹಿಡಿದು ಹಲ್ಲು ಕಚ್ಚಿದೆ. ಮುಖವೆಲ್ಲ ಕೆಂಪು, ಮೀಸೆಗೆಲ್ಲ ಹಿಟ್ಟು. ಚಕ್ಕಲಿ ಸುತ್ತುವ ಬದಲು ಪ್ರಶ್ನಾರ್ಥಕ ಚಿಹ್ನೆಯಾಗಿ ಬೀಳುತ್ತಿತ್ತು.

"ಪಪ್ಪಾ, ಹಲೂ ನಕಾ, ಅಲ್ಲಾಡಬ್ಯಾಡ್ರಿ!" ಎಂದು ಅನ್ವಿತಾ ಫೋಟೋ ಹೊಡೆದಳು. "ಏಕ್‌ದಮ್ ರೆಟ್ರೋ!"

ಎರಡು ವಾರ ಕಳೆಯುವುದರೊಳಗೆ ಆ ಫೋಟೋವನ್ನು ಕಾಮಿಕ್ಸ್ ಚಿತ್ರವಾಗಿ ಬದಲಿಸಿ, ಸೀತಾಬರ್ಡಿಯ ಅದೇ ಅಂಗಡಿಯಲ್ಲಿ ಮಗ್ಗುಗಳ ಮೇಲೆ ಅಚ್ಚು ಹಾಕಿಸಿ, ತಾಯಿ ಮಗಳು ಸೇರಿ ತುಳಸಿ ಲಗ್ನಕ್ಕೆ ಕಾಲೊನಿಗೆಲ್ಲ ಹಂಚಿದರು. ಹಳದಿ ನಕ್ಷತ್ರದಲ್ಲಿ ದೊಡ್ಡದಾಗಿ "ಢಿಶುಂ!", ಕೆಳಗೆ "ಚಕ್ಕಲಿಮುಷ್ಟಿ ವಿಜಯಣ್ಣ".

ಹನ್ನೆರಡು ಮನೆಗೆ ಹನ್ನೆರಡು ಮಗ್ಗು. ಢೋಬಳೆ ಸಾಹೇಬರ ಮನೆಯಲ್ಲಂತೂ ಅದು ಬೆಳ್ಳಿ ಪದಕಗಳ ನಡುವೆ, ಪುಟ್ಟ ದೀಪದ ಕೆಳಗೇ ಇದೆ. ಇವತ್ತಿನವರೆಗೆ ಒಂದೂ ವಾಪಸ್ಸು ಬಂದಿಲ್ಲ!