ಮರ್ಲೆನ್ ಮುರಿದ ರೊಟ್ಟಿ

ಮರ್ಲೆನ್‌ಗೆ ಬೇಕಾಗಿದ್ದದ್ದು ಒಂದು ಮಧ್ಯಾಹ್ನದ ನಿಶ್ಶಬ್ದ. ಅದು ಅವನ ಬಳಿ ಇರಲಿಲ್ಲ.

ಬಿಷ್ಕೆಕ್‌ನ ಆ ಐದು ಮಹಡಿಯ ಕಟ್ಟಡದಲ್ಲಿ ಅದು ಯಾರ ಬಳಿಯೂ ಇರಲಿಲ್ಲ. ನಾಲ್ಕನೇ ಮಹಡಿಯಲ್ಲಿ ಗೋಡೆ ಕೊರೆಯುತ್ತಿದ್ದರು, ಮೂರರಲ್ಲಿ ಮಾಂಸ ಕೊಚ್ಚುತ್ತಿದ್ದರು, ಎರಡರಲ್ಲಿ ವಾಷಿಂಗ್ ಮಷೀನು ಕೆರಳಿದ ಕುದುರೆಯಂತೆ ನೆಲ ಒದೆಯುತ್ತಿತ್ತು. 'ತುಕ್ಕು' ಎಂಬ ರಾಕ್ ತಂಡದ ಮೊದಲ ಆಲ್ಬಮ್‌ಗೆ ಗಿಟಾರು, ಡ್ರಮ್ಮುಗಳ ಕೆಲಸ ಹೋದ ತಿಂಗಳೇ ಮುಗಿದಿತ್ತು. ಉಳಿದದ್ದು ಮರ್ಲೆನ್‌ನ ದನಿ; ಅದನ್ನು ಐದನೇ ಮಹಡಿಯ ಅವನ ಮನೆಯಲ್ಲೇ ರೆಕಾರ್ಡ್ ಮಾಡಬೇಕಿತ್ತು. ಎಂಟು ಹಾಡನ್ನೂ ಬರೆದವನು ಅವನೇ. ನಾಲ್ಕು ವರ್ಷ ಹಿಡಿದಿತ್ತು. ರೆಕಾರ್ಡ್ ಮಾಡುವ ಗೆನ್ನಾದಿ ಸಂಜೆಯ ರೈಲಿಗೆ ಊರೇ ಬಿಟ್ಟು ಹೋಗುವವನಿದ್ದ, ಮೈಕಿನ ಸಮೇತ.

"ಕೆಳಗೆ ಹೋಗಿ ಸುಮ್ಮನಿರೋಕೆ ಹೇಳಿ ಬಾ," ಎಂದ ಡ್ರಮ್ ಬಾರಿಸುವ ತಿನಾಯ್, ಗೋಡೆಗೆ ಕಂಬಳಿ ಸಿಗಿಸುತ್ತಾ. "ಹತ್ತು ನಿಮಿಷದ ಕೆಲಸ."

"ನೀನೇ ಹೋಗೋ."

"ನನ್ನ ಕಂಡ್ರೆ ಬಾಗಿಲು ಹಾಕ್ಕೋತಾರೆ. ನಾನು ಬಾರಿಸೋದನ್ನ ಕೇಳಿದ್ದಾರಲ್ಲ."

ಗೋಡೆ ಕೊರೆಯುತ್ತಿದ್ದ ಅಸಿಲ್‌ಬೆಕ್ ಒಂದೇ ಮಾತಿಗೆ ಒಪ್ಪಿದ. "ನಿಲ್ಲಿಸ್ದೆ. ಬಾ, ಬಾಗಿಲಿಗೆ ಬಂದೋನು ಒಂದು ತುಂಡು ರೊಟ್ಟಿ ಮುರೀಬೇಕು."

"ಅರ್ಜೆಂಟಿದೆ ಅಣ್ಣಾ."

"ನಮ್ಮನೆ ರೊಟ್ಟಿ ಮುರೀದೆ ಹೋಗೋ ಅಂಥ ಅರ್ಜೆಂಟು ಏನಪ್ಪಾ? ಯಾರಾದ್ರೂ ಸತ್ರಾ?"

ರೊಟ್ಟಿಯ ಹಿಂದೆ ಚಹಾ ಬಂತು, ಚಹಾದ ಹಿಂದೆ ಏಪ್ರಿಕಾಟ್ ಜಾಮು, ಜಾಮಿನ ಹಿಂದೆ ಮರ್ಲೆನ್‌ಗೆ ಇನ್ನೂ ಯಾಕೆ ಮದುವೆಯಾಗಿಲ್ಲ ಎಂಬ ವಿಚಾರಣೆ.

ಮೂರನೇ ಮಹಡಿಯ ಬುರುಲ್ಚಾ ಅಜ್ಜಿ ಕತ್ತಿ ಕೆಳಗಿಟ್ಟಳು. "ಕೊಚ್ಚೋದು ನಿಲ್ಲಿಸ್ತೀನಿ ಮಗಾ. ಆದ್ರೆ ಕೊಚ್ಚಿರೋದನ್ನ ತಿಂದು ಹೋಗ್ಬೇಕು."

ಕೊಚ್ಚಿದ್ದು ಹಿಟ್ಟಿನೊಳಗೆ ಸೇರಿ, ಆವಿಯಲ್ಲಿ ಬೆಂದು ಮಂತಿಯಾಗಿ ತಟ್ಟೆಗೆ ಬರಲು ಒಂದು ಗಂಟೆ ಹಿಡಿಯಿತು. ವಾಷಿಂಗ್ ಮಷೀನಿನ ಮನೆಯವಳಿಗೆ ಈ ಸುದ್ದಿ ಅಷ್ಟರಲ್ಲೇ ಫೋನಿನಲ್ಲಿ ತಲುಪಿತ್ತು. "ಅಲ್ಲಿ ಒಂಬತ್ತು ಮಂತಿ ತಿಂದ್ಯಂತೆ. ನಾವೇನು ನಿಂಗೆ ಶತ್ರುಗಳಾ?"

ಹನ್ನೆರಡಕ್ಕೆ ಹೊರಟವನು ಮೂರೂವರೆಗೆ ಕೊನೆಯ ಮನೆಯಿಂದ ಹೊರಬಿದ್ದ, ತುಂಬಿದ ಗೋಣಿಚೀಲದಂತೆ. ಆದರೆ ಗೆದ್ದಿದ್ದ. ಇಡೀ ಕಟ್ಟಡ ಉಸಿರೆತ್ತುತ್ತಿರಲಿಲ್ಲ.

ಆಗ ಮೇಲಿಂದ ಹಾಡು ಕೇಳಿಸಿತು.

ಮೊದಲು ರೇಡಿಯೋ ಅನ್ನಿಸಿತು. ವಯಸ್ಸಾದ, ಒರಟು ಹೆಣ್ಣು ದನಿ. ಏರುವಾಗ ಹೆದರಲಿಲ್ಲ, ಇಳಿಯುವಾಗ ಅವಸರಪಡಲಿಲ್ಲ. ಮೆಟ್ಟಿಲ ಮೇಲೆ ಜನ ಬಂದು ನಿಂತಿದ್ದರು. ಅಸಿಲ್‌ಬೆಕ್ ಡ್ರಿಲ್ಲನ್ನು ಮಲಗಿದ ಕೂಸಿನಂತೆ ಎದೆಗೊತ್ತಿಕೊಂಡಿದ್ದ. ಮರ್ಲೆನ್ ಕೂಡ ಅಲ್ಲೇ ಮೆಟ್ಟಿಲ ಮೇಲೆ ಕುಳಿತ. ಎರಡನೆಯ ಚರಣಕ್ಕೆ ಬಂದಾಗ ಅದು ತನ್ನದೇ ಹಾಡು ಎಂದು ಗೊತ್ತಾಯಿತು. ಆ ಸಾಲುಗಳಿಗೆ ಇಷ್ಟು ಆಳವಿದೆ ಎಂದು ಬರೆದವನಿಗೇ ತಿಳಿದಿರಲಿಲ್ಲ.

ಮನೆಯೊಳಗೆ ಮೈಕಿನ ಮುಂದೆ ನಿಂತವಳು ಬಸ್ ಡ್ರೈವರ್ ಜುಮಾಗುಲ್. ಪಕ್ಕದ ಮೆಟ್ಟಿಲ ಕಡೆಯ ಮನೆಯವಳು. ಇವರ ಗೋಡೆಯ ಆಚೆ ಬದಿ ಅವಳದು. ಕೋಟನ್ನೂ ತೆಗೆದಿರಲಿಲ್ಲ.

"ನಮ್ಮ ಗಲಾಟೆ ಅಂತ ಜಗಳಕ್ಕೆ ಬಂದ್ರು ಇವ್ರು," ಎಂದ ಗೆನ್ನಾದಿ ಮೆಲ್ಲಗೆ. "ಮೈಕು ಆನ್ ಆಗಿತ್ತು. ಬೈಗುಳಾನೇ ಶ್ರುತೀಲಿತ್ತು."

"ಹಾಡು ಹೇಗೆ ಗೊತ್ತು ಅಕ್ಕಾ?" ಎಂದು ಮರ್ಲೆನ್ ಅವಳನ್ನೇ ಕೇಳಿದ.

"ನಾಲ್ಕು ವರ್ಷದಿಂದ ಗೋಡೆ ದಾಟಿ ಬರ್ತಿದೆ. ಬೇಡ ಅಂದ್ರೂ ಬಾಯಿಗೆ ಹತ್ತುತ್ತೆ. ನೀನು ಎಲ್ಲೆಲ್ಲಿ ಕೆಡಿಸ್ತೀಯ ಅನ್ನೋದೂ ಗೊತ್ತು."

"ಏಳು ಹಾಡು ಇವ್ರೇ ಹಾಡಿ ಆಯ್ತು," ಎಂದ ತಿನಾಯ್ ಗೆಳೆಯನ ಮುಖ ನೋಡದೆ. "ಎಂಟನೇದು ನಿಂಗೆ ಇಟ್ಟಿದ್ದೀವಿ. ಇಪ್ಪತ್ತು ನಿಮಿಷ ಇದೆ."

ಮರ್ಲೆನ್ ಮೈಕಿನ ಮುಂದೆ ನಿಂತ. ಹೆಡ್‌ಫೋನಿನಲ್ಲಿ ಗಿಟಾರು ಶುರುವಾಯಿತು. ಅವನು ಎದೆ ತುಂಬ ಉಸಿರೆಳೆದು ಬಾಯಿ ತೆರೆದ. ಮೂರು ಮನೆಗಳ ಆತಿಥ್ಯ ಒಂದೇ ತೇಗಾಗಿ ಹೊರಟಿತು, ಉದ್ದಕ್ಕೆ, ಎಲ್ಲಿಯೂ ತಡವರಿಸದೆ. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ಗೆನ್ನಾದಿ ಗಡಿಯಾರ ನೋಡಿದ.

"ಜರುಗಪ್ಪಾ," ಎಂದಳು ಜುಮಾಗುಲ್.

ಅವಳು ಹಾಡಿದಳು. ಮರ್ಲೆನ್ ಕಂಬಳಿಗೆ ಒರಗಿ, ಉಸಿರು ಬಿಗಿಹಿಡಿದು, ಕೊನೆಯವರೆಗೂ ಕೇಳಿದ.

ಎಂಟಕ್ಕೆ ಎಂಟು ಹಾಡೂ ಅವಳ ದನಿಗೆ ಹೋಗಿದ್ದವು.