ಹನ್ನೆರಡನೆಯ ಬೋಲ್ಟು

ನನ್ನ ಸೋದರಮಾವನಂಥ ಅನುಮಾನದ ಪ್ರಾಣಿಯನ್ನು ಮುಂಬಯಿ ಪಕ್ಕದ ಠಾಣೆಯಿಂದ ಕಲ್ಯಾಣದವರೆಗೆ ಯಾವ ಲೋಕಲ್ ರೈಲು ಹತ್ತಿ ಹುಡುಕಿದರೂ ನೀವು ಕಾಣಲಾರಿರಿ! ಎಪ್ಪತ್ತರ ದಶಕದ ಕೊನೆಯಲ್ಲಿ ನನಗೆ ಗಂಡು ನೋಡುವಾಗ ಉಳಿದವರೆಲ್ಲ ಜಾತಕ, ಸಂಬಳ ಕೇಳಿದರೆ ಮಾವ ಕೇಳಿದ್ದೇನು ಗೊತ್ತೇ?

"ನೀವು ಕೆಲಸ ಮಾಡುವ ಶೆಡ್ಡಿನ ಸ್ವಿಚ್ಚಿಗೆ ಸರ್ಟಿಫಿಕೇಟು ಉಂಟಾ?"

ಬಾಯಲ್ಲಿ ಉಪ್ಪಿಟ್ಟಿದ್ದ ಹುಡುಗ ಉಂಟೆಂದು ತಲೆಯಾಡಿಸಿದ. ನೋಡಿದ ನೆನಪೇ ಇರಲಿಲ್ಲವೆಂದು ಆಮೇಲೆ ನನ್ನ ಹತ್ತಿರ ಒಪ್ಪಿಕೊಂಡದ್ದು. ಅಷ್ಟರಲ್ಲಿ ಮದುವೆಯಾಗಿತ್ತು.

ಇಂಥ ಸ್ವಿಚ್ಚುಗಳನ್ನು ಪರೀಕ್ಷಿಸಿ ಸರ್ಟಿಫಿಕೇಟಿಗೆ ಸಹಿ ಹಾಕುವುದೇ ಮಾವನ ಸರಕಾರಿ ಕೆಲಸ. ಡೊಂಬಿವಲಿಯ ಕೆಮಿಕಲ್ ಕಾರ್ಖಾನೆಗಳಲ್ಲಿ ಹೊತ್ತಿಕೊಳ್ಳುವ ಆವಿ ಸುಳಿದಾಡುತ್ತಿರುತ್ತದೆ. ಸ್ವಿಚ್ಚಿನ ಒಂದು ಕಿಡಿ ಸಾಕು, ಶೆಡ್ಡಿಗೆ ಶೆಡ್ಡೇ ಹಾರಿಹೋಗಲು. ಅದಕ್ಕೇ ಸ್ವಿಚ್ಚುಗಳನ್ನು ದಪ್ಪ ಕಬ್ಬಿಣದ ಪೆಟ್ಟಿಗೆಯೊಳಗೆ ಕೂರಿಸುತ್ತಾರೆ. ಒಳಗೆ ಸಿಡಿದರೂ ಬೆಂಕಿ ಹೊರಗೆ ಬರಬಾರದು. ಮುಚ್ಚಳದ ಸಂದಿಗೆ ಮಾವ ಕೂದಲಿನಷ್ಟು ತೆಳ್ಳಗಿನ ಉಕ್ಕಿನ ಪಟ್ಟಿ ತೂರಿಸಿ ಅಳೆಯುತ್ತಿದ್ದರು. ಸಂದಿ ಚೂರು ಹೆಚ್ಚಾದರೂ ಸಹಿ ಇಲ್ಲ. ಆ ಪಟ್ಟಿ ಸದಾ ಜೇಬಿನಲ್ಲೇ. ನಮ್ಮ ಕಪಾಟಿನ ಬಾಗಿಲು, ನೌಪಾಡಾದ ಹೋಟೆಲಿನ ಮೇಜಿನ ಬಿರುಕು, ಯಾವುದನ್ನೂ ಬಿಟ್ಟವರಲ್ಲ!

ಮದುವೆಯಾದ ಮರುವರ್ಷ ನನ್ನ ಗಂಡನ ಶೆಡ್ಡಿಗೇ ಬಂದರು. ಹನ್ನೆರಡು ಬೋಲ್ಟಿರಬೇಕಾದ ಪೆಟ್ಟಿಗೆಯಲ್ಲಿ ಹನ್ನೊಂದೇ! "ಗ್ಯಾರಾ ತೋ ಹೈ ನಾ, ಸಾಹೇಬ್", ಹನ್ನೊಂದು ಇದೆಯಲ್ಲ, ಎಂದು ಮ್ಯಾನೇಜರು ಚಹಾ ತರಿಸಿದ. ಮಾವ ಚಹಾ ಕುಡಿದು, ಲೋಟ ಕೆಳಗಿಟ್ಟು, ಶೆಡ್ಡು ಬಂದ್ ಮಾಡಿಸಿದರು. ಮಧ್ಯಾಹ್ನದೊಳಗೆ ನಕಲಿ ಮಾಲಿಗೆ ಹೆಸರಾದ ಉಲ್ಹಾಸನಗರದಿಂದ ಹೊಳೆಯುವ ಬೋಲ್ಟೊಂದು ಬಂತು. ಮಾವ ಅದನ್ನು ತಿರುಗಿಸಿ ನೋಡಿ, "ಇದನ್ನು ಮಂಚಕ್ಕೆ ಹಾಕಿ" ಎಂದರು. ಪೆಟ್ಟಿಗೆ ಮಾಡಿದವರಿಂದಲೇ ಸರಿಯಾದದ್ದು ಬರಲು ಮೂರು ದಿನ ಬೇಕಿತ್ತು. ಮ್ಯಾನೇಜರು ನನ್ನ ಗಂಡನನ್ನು ಕರೆದು, ನೌಕರಿ ಬೇಕಿದ್ದರೆ ನಿನ್ನ ಮಾವನಿಂದ ಇವತ್ತೇ ಸಹಿ ಹಾಕಿಸು ಎಂದನಂತೆ.

ನನಗೆ ಸಿಟ್ಟು ನೆತ್ತಿಗೇರಿತು. "ಮಾವಾ, ನಿಮ್ಮ ಒಂದು ಬೋಲ್ಟಿಗಾಗಿ ಇವರ ಕೆಲಸ ಹೋದರೆ ನಾವು ಎಂತ ಮಾಡುವುದು?"

"ಬೇರೆ ಕೆಲಸ ಹುಡುಕುವ ಮಾರಾಯ್ತಿ. ಬೇರೆ ಗಂಡನನ್ನು ಹುಡುಕುವುದು ಕಷ್ಟ."

ಇಂಥವರ ಜೊತೆ ಜಗಳವಾಡುವುದಾದರೂ ಹೇಗೆ? ಮಾತೇ ಬಿಟ್ಟೆ.

ಮ್ಯಾನೇಜರನ ಬೆದರಿಕೆ ಬೆದರಿಕೆಯಾಗಿಯೇ ಉಳಿದು, ಮೂರನೆಯ ದಿನ ಸರಿಯಾದ ಬೋಲ್ಟು ಬಂತು. ಮಾವ ಅಳೆದು, ಸಹಿ ಹಾಕಿದರು. ಆ ಸಂಜೆ ಮನೆಗೆ ಬಂದ ಗಂಡ ಚಪ್ಪಲಿ ಬಿಡುವುದನ್ನೂ ಮರೆತು ನಡೆದದ್ದನ್ನು ಹೇಳಿದರು. ಕರೆಂಟು ಕೊಡುವ ಮೊದಲು ಮಾವ ಎಲ್ಲರನ್ನೂ ಗೇಟಿನಾಚೆ ಕಳಿಸಿದರಂತೆ. ನನ್ನ ಗಂಡ ಮಾತ್ರ ಕದಲಲಿಲ್ಲವಂತೆ.

"ನಿಮ್ಮದೇ ಸಹಿ ಉಂಟಲ್ಲ ಮಾವ, ಮತ್ತೆ ಎಂತ ಹೆದರಿಕೆ?"

"ಹೆದರಿಕೆ ಇಲ್ಲ. ಆದರೂ ನೀನು ಹೊರಗೆ ಹೋಗು. ಮನೆಯಲ್ಲಿ ಅವಳಿದ್ದಾಳೆ."

ಇವರನ್ನೂ ಹೊರಗೆ ಕಳಿಸಿ, ಮಾವ ಪೆಟ್ಟಿಗೆಯ ಪಕ್ಕದಲ್ಲಿ ಒಬ್ಬರೇ ನಿಂತು ತಾವೇ ಸ್ವಿಚ್ಚು ಹಾಕಿದರಂತೆ. ತಾವು ಸಹಿ ಹಾಕಿದ ಪ್ರತಿಯೊಂದು ಪೆಟ್ಟಿಗೆಗೂ ಅವರು ಹೀಗೇ ಮಾಡುತ್ತಾರೆ ಎಂದು ಅಲ್ಲಿನ ಹಳೆಯ ಫಿಟ್ಟರ್ ಹೇಳಿದನಂತೆ. ಇಷ್ಟು ವರ್ಷ ಮಾವ ಮನೆಯಲ್ಲಿ ಯಾರಿಗೂ ಇದನ್ನು ಹೇಳಿರಲಿಲ್ಲ. ನಾನು ಒಲೆ ಆರಿಸಿ, ಮಾವನ ಮನೆಗೆಂದು ಠಾಣೆಯ ಗಾಡಿ ಹತ್ತಿದೆ. ಬಾಗಿಲು ತೆರೆದ ಮಾವನ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟೆ.